ಬೇಗೂರಿನ ಮಣ್ಣುಕೋಟೆಯ ನಕ್ಷೆ ಬರೆಯುವವರು ಯಾರು?

ಎಲೆಕ್ಟ್ರಾನಿಕ್ ಸಿಟಿಯ ದಾರಿಯಲ್ಲಿ ಬೊಮ್ಮನಹಳ್ಳಿಯ ಹತ್ತಿರ ಬೇಗೂರು ರಸ್ತೆಗೆ ತಿರುಗುವವರು ಸಾಮಾನ್ಯವಾಗಿ ನಾಗೇಶ್ವರ ದೇವಸ್ಥಾನಕ್ಕೆ ಹೋಗುತ್ತಾರೆ. ಸುಮಾರು ಕ್ರಿ.ಶ. 890ರ, ‘ಬೆಂಗಳೂರು ಕಾಳಗ’ದ ಹೆಸರೆತ್ತುವ ಶಾಸನ ಅಲ್ಲಿದೆ. ಅದನ್ನು ನೋಡಿದ ಮೇಲೆ ವಾಪಸಾಗಬೇಡಿ. ಊರಿನೊಳಗೆ ಕೋಟೆಯಿದೆ. ಮೊನ್ನೆ ಅದನ್ನು ಸುತ್ತಿ ಬಂದಾಗಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ.

ಕೋಟೆಯೆಂದರೆ ಚಿತ್ರದುರ್ಗವನ್ನೇ ನೆನೆಯುವ ಕಣ್ಣಿಗೆ ಇದು ಪೊದೆ ಬೆಳೆದ ದಿಬ್ಬ. ಒಳಗೆ ಕಾಶಿ ವಿಶ್ವನಾಥನ ಗುಡಿ, ಏರಿಯ ಆಚೆ ಅಪಾರ್ಟ್‌ಮೆಂಟುಗಳು. ದಿಬ್ಬದ ಬಾಗನ್ನೇ ಹಿಡಿದು ನಡೆದರೆ ಕೋಟೆಯ ಆಕಾರ ತಾನಾಗಿ ತೆರೆದುಕೊಳ್ಳುತ್ತದೆ. ಇದು ಗಂಗರ ಕಾಲದ ಕೋಟೆ ಎಂದು ಹೇಳುವವರಿದ್ದಾರೆ. ಪಕ್ಕದ ಶಾಸನದ ವಯಸ್ಸನ್ನು ಮಣ್ಣಿನ ಏರಿಗೆ ಕಟ್ಟುವುದನ್ನು ನಾನು ಒಪ್ಪಲಾರೆ. ಮಣ್ಣುಗೋಡೆ ಮಳೆಗೆ ಕರಗುತ್ತದೆ, ತಲೆಮಾರುಗಳು ಅದನ್ನು ಮತ್ತೆ ಮತ್ತೆ ಮೆತ್ತುತ್ತವೆ. ಅಗೆದು ಪದರ ನೋಡದೆ ವಯಸ್ಸು ಹೇಳುವುದು ಕಷ್ಟ.

ಈ ಸೀಮೆಯ ಕೋಟೆಗಳ ಬೇರು ಮಣ್ಣಿನಲ್ಲೇ ಇದೆ. ದೇವನಹಳ್ಳಿಯದು 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣುಕೋಟೆ. 1537ರ ಕೆಂಪೇಗೌಡನ ಬೆಂಗಳೂರು ಕೋಟೆಯೂ ಹಾಗೆಯೇ. ಕಲ್ಲು ಬಂದದ್ದು ಹೈದರನ ಕಾಲಕ್ಕೆ.

ಮಣ್ಣನ್ನು ಬಡವರ ಕಲ್ಲು ಎಂದುಕೊಳ್ಳುವುದು ಅನ್ಯಾಯ. ಕಂದಕ ತೋಡಿದ ಮಣ್ಣೇ ಗೋಡೆಯಾಗುತ್ತದೆ. ಕಂದಕ ಆಳವಾದಷ್ಟೂ ಗೋಡೆ ಏರುತ್ತದೆ, ಹೊರಗಿನಿಂದ ಒಂದು ಹಿಡಿಯನ್ನೂ ತರಬೇಕಿಲ್ಲ. ಫಿರಂಗಿ ಗುಂಡು ಬಿದ್ದರೆ ಕಲ್ಲು ಸಿಡಿಯುತ್ತದೆ, ದಪ್ಪ ಮಣ್ಣು ಗುಂಡನ್ನು ನುಂಗಿಬಿಡುತ್ತದೆ. ಇಟಲಿಯ ಕೋಟೆಗಾರರೂ ಫಿರಂಗಿಗಳ ಕಾಲ ಬಂದಾಗ ಎತ್ತರದ ಕಲ್ಲುಗೋಡೆ ಬಿಟ್ಟು, ಮಣ್ಣು ತುಂಬಿದ ತಗ್ಗು ಗೋಡೆಗಳಿಗೆ ಇಳಿದರು. ನಮ್ಮಲ್ಲಿ ಗೋಡೆ, ಕಂದಕಗಳಿಗೂ ಆಚೆ ಮುಳ್ಳುಬೇಲಿಯ ಕಾವಲು. 1791ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಬಂದಾಗ ಬೆಂಗಳೂರು ಪೇಟೆಯ ಸುತ್ತ ದಟ್ಟವಾದ ಮುಳ್ಳುಬೇಲಿಯಿತ್ತು. ಮರುವರ್ಷ ಶ್ರೀರಂಗಪಟ್ಟಣದಲ್ಲೂ ಫೆಬ್ರುವರಿಯ ಒಂದು ರಾತ್ರಿ ಅವನ ಪಡೆ ಮೊದಲು ದಾಟಬೇಕಾಗಿದ್ದು ಅಂಥದೇ ಬೇಲಿಯನ್ನು. ಬೆಳೆಸಿ, ನೀರುಣಿಸಿ, ಸವರಿ ಕಾಯುವ ಕೋಟೆ! ಆ ಗಿಡಗಳ ಬಗ್ಗೆ ಸಸ್ಯಶಾಸ್ತ್ರಜ್ಞರೊಬ್ಬರು ಪುಸ್ತಕ ಬರೆದರೆ ಮೊದಲ ಪ್ರತಿ ನನಗಿರಲಿ.

ಇಂಥ ಜಾಗಗಳನ್ನು ಓದಲು ತಾಳ್ಮೆ ಬೇಕು. ಅಮೆರಿಕದ ಪುರಾತತ್ತ್ವಜ್ಞ ಬ್ಯಾರಿ ಲೂಯಿಸ್ ತಮ್ಮ ದೇಶದ ಮಿಸಿಸಿಪ್ಪಿ ಸಂಸ್ಕೃತಿಯ ಮಣ್ಣುದಿಬ್ಬಗಳ ಊರುಗಳ ಮೇಲೆ ಕೆಲಸ ಮಾಡಿದವರು. ಮುಂದೆ ಕರ್ನಾಟಕದ ಕೋಟೆಗಳಿಗೆ ಬಂದು, ವಸಾಹತು ಕಾಲದ ಚಿತ್ರಗಳನ್ನು ಆಧರಿಸಿ ಚಿತ್ರದುರ್ಗದ ಬಗ್ಗೆ 2006ರಲ್ಲಿ ಪುಸ್ತಕ ತಂದರು. ದಿಬ್ಬಗಳಲ್ಲಿ ಪಳಗಿದ ಅಂಥ ಕಣ್ಣು ಬೇಗೂರಿಗೂ ಬೇಕು.

ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಅದೇ ಬಗೆಯ ಕೆಲಸ ಈ ಏರಿಗೂ ಆಗಲಿ. ಡ್ರೋನ್ ಹಾರಿಸಲು, ಎತ್ತರ ಅಳೆಯಲು, ನಕ್ಷೆ ಜೋಡಿಸಲು ಬಲ್ಲವರು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲೇ ಇದ್ದಾರೆ. ಅನುಮತಿ ಪಡೆದು ಒಂದು ಭಾನುವಾರ ಬಿಡುವು ಮಾಡಿಕೊಂಡರೂ ಒಳ್ಳೆಯ ಆರಂಭವಾಗುತ್ತದೆ. ಅಳತೆ ಕಂದಕದಿಂದಲೇ ಶುರುವಾಗಲಿ. ಏರಿ ಕಣ್ಣಿಗೆ ಬೀಳುತ್ತದೆ, ಅದನ್ನು ಕೆಡವಿದರೆ ಯಾರಾದರೂ ಕೇಳಿಯಾರು. ಕಂದಕ ಮಾತ್ರ ಕಟ್ಟಡದ ಕಸ ಸುರಿಯುವವರಿಗೆ ಬರೀ ಹಳ್ಳದಂತೆ ಕಾಣುತ್ತದೆ.