ಯಂತ್ರ ಮಾತು ನಿಲ್ಲಿಸಿದಾಗ

ಪ್ರಶ್ನೆ: ಕುಮಟಾ–ಭಟ್ಕಳದ ನಡುವೆ ಹಳಿ ಖಾಲಿಯಿದೆ ಎಂದು ಸ್ಟೇಷನ್ನಿನವರಿಗೆ ತಿಳಿಸುವ ಯಂತ್ರವೇ ಕೆಟ್ಟರೆ ಗತಿಯೇನು?

ಉತ್ತರ: ಸಿಗ್ನಲ್ ಕೆಂಪಾಗುತ್ತದೆ, ಅಷ್ಟೆ.

ರೈಲ್ವೆಯಲ್ಲಿ ಈ ಕೆಲಸಕ್ಕೆ ಆಕ್ಸಲ್ ಕೌಂಟರ್ ಇದೆ. ಹಳಿಗೆ ಅಂಟಿಕೊಂಡ ಈ ಉಪಕರಣ ಹಾದುಹೋಗುವ ಗಾಲಿ ಜೋಡಿಗಳನ್ನು ಎಣಿಸುತ್ತದೆ. 24 ಬೋಗಿಗೆ ನಾಲ್ಕರಂತೆ 96, ಎಂಜಿನ್ನಿನದು 6. ಒಟ್ಟು 102 ಒಳಬಂದರೆ ಆಚೆ ತುದಿಯಲ್ಲೂ 102 ಹೊರಹೋಗಬೇಕು. 98 ಬಂತೋ, ಬೋಗಿಯೊಂದು ಹಿಂದೆ ಉಳಿದಿರಬಹುದು. ಎರಡೂ ತುದಿಗಳು ಪರಸ್ಪರ ಸಂದೇಶ ಕಳಿಸುತ್ತಲೇ ಇರುತ್ತವೆ. ಕೇಬಲ್ ತುಂಡಾಗಿ ಸಂದೇಶ ನಿಂತರೆ ‘ಹಳಿಯಲ್ಲಿ ರೈಲಿದೆ’ ಎಂದೇ ಲೆಕ್ಕ. ಈ ವ್ಯವಸ್ಥೆಯ ನಿಜವಾದ ಜಾಣತನ ಇಲ್ಲಿದೆ. ರಿಪೇರಿಯಾದ ಮೇಲೂ ಅದು ತಾನಾಗಿ ‘ಖಾಲಿ’ ಎನ್ನುವುದಿಲ್ಲ. ಹಳಿಯನ್ನು ಖಾತ್ರಿ ಮಾಡಿಕೊಂಡು ಸಿಬ್ಬಂದಿಯೇ ರೀಸೆಟ್ ಮಾಡಬೇಕು.

ಹೊನ್ನಾವರ–ಮಂಕಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಶರಾವತಿ ಸೇತುವೆಯಲ್ಲಿ ಕೊಂಕಣ ರೈಲ್ವೆ ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಇಟ್ಟಿದೆ. ಇಂಥ ಅಳತೆಯಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ: ಸೊನ್ನೆ ಎಂದರೆ ಗಾಳಿಯಿಲ್ಲವೋ, ಉಪಕರಣ ಕೆಟ್ಟಿದೆಯೋ? ಕಾರ್ಖಾನೆಗಳಲ್ಲಿ ಇದಕ್ಕೆ ಹಳೆಯ ಉಪಾಯವೊಂದಿದೆ. ಅಳತೆ ಸೊನ್ನೆಯಿದ್ದಾಗಲೂ ತಂತಿಯಲ್ಲಿ 4 ಮಿಲಿಆಂಪ್ ಕರೆಂಟ್ ಹರಿಯುತ್ತದೆ, ಗರಿಷ್ಠ ಅಳತೆಗೆ 20. ಕರೆಂಟೇ ಇಲ್ಲದಿದ್ದರೆ ತಂತಿಯನ್ನೋ ಉಪಕರಣವನ್ನೋ ನೋಡಬೇಕು.