ಆನೆ ಏರಿ ಹಾಲಿವುಡ್‌ಗೆ ಹೋದ ಹುಡುಗ

ಚಿಕ್ಕೇರೂರು, ಹಿರೇಕೆರೂರು ಸೀಮೆಯಲ್ಲಿ ಸಿನಿಮಾ ನಟರ ಮಾತು ತೆಗೆದರೆ ‘ಕೌರವ’ ಬಿ.ಸಿ. ಪಾಟೀಲರ ಹೆಸರು ಮೊದಲು ಬರುತ್ತದೆ. ತೆರೆಯ ಮೇಲೆ ಕಂಡವರು ಇಲ್ಲಿಂದಲೇ ಶಾಸಕರಾದರು, ಮಂತ್ರಿಯೂ ಆದರು. ಅದೇ ಮಂದಿಗೆ ಸಾಬು ಯಾರೆಂದು ಕೇಳಿ ನೋಡಿ, ಹಳಬರೂ ತಲೆ ಕೆರೆದುಕೊಳ್ಳುತ್ತಾರೆ. ಹಾಲಿವುಡ್ ಪೋಸ್ಟರುಗಳಲ್ಲಿ ದಪ್ಪಕ್ಷರದಲ್ಲಿ ಮಿಂಚಿದ ಆ ಹೆಸರು ನಮ್ಮ ಕಬಿನಿ ದಂಡೆಯದು.

ಹುಟ್ಟಿದ್ದು 1924ರ ಜನವರಿ 27, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ತಂದೆ ಮಹಾರಾಜರ ಮಾವುತ. ಹೆತ್ತವರಿಬ್ಬರನ್ನೂ ಬೇಗನೆ ಕಳೆದುಕೊಂಡ ಹುಡುಗನಿಗೆ ಅರಮನೆಯ ಆನೆಲಾಯವೇ ಆಸರೆಯಾಯಿತು. 1935ರಲ್ಲಿ ಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಕ್ಯಾಮೆರಾ ತಂಡದೊಂದಿಗೆ ಮೈಸೂರಿಗೆ ಬಂದ. ಕಿಪ್ಲಿಂಗ್ ಬರೆದ ಮಾವುತ ಬಾಲಕನ ಕಥೆಗೆ ಒಬ್ಬ ಹುಡುಗ ಬೇಕಿತ್ತು. ಲಾಯದ ಈ ಪೋರ ಕಣ್ಣಿಗೆ ಬಿದ್ದ. ಐರಾವತ ಎಂಬ ದೈತ್ಯ ಆನೆ ಅವನು ಹೇಳಿದಂತೆ ಕೇಳುತ್ತಿತ್ತು. ನಟನೆ ಕಲಿಸುವ ಗೋಜೇ ಇರಲಿಲ್ಲ. ಕಾಕನಕೋಟೆಯ ಕಾಡು, ಕಾಡಾನೆ ಹಿಡಿಯುವ ಖೆಡ್ಡಾದ ಗದ್ದಲ ಎಲ್ಲವೂ ರೀಲಿಗೆ ಸೇರಿದವು. ಉಳಿದ ಭಾಗ ಲಂಡನ್ ಬಳಿಯ ಸ್ಟುಡಿಯೊದಲ್ಲಿ ತಯಾರಾಯಿತು. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡಾಗ ಸಾಬುಗೆ ಹದಿಮೂರು ವರ್ಷ. ಚಿತ್ರಕ್ಕೆ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿಯೂ ಬಂತು.

ಆಮೇಲೆ ‘ದಿ ಡ್ರಮ್’, ‘ದಿ ಥೀಫ್ ಆಫ್ ಬಗ್ದಾದ್’, ‘ಜಂಗಲ್ ಬುಕ್’. ಬಗ್ದಾದಿನ ಕಳ್ಳನ ಚಿತ್ರ ಇಂಗ್ಲೆಂಡಿನಲ್ಲಿ ಶುರುವಾಗಿ, ಯುದ್ಧದ ಕಾರಣ ಅಮೆರಿಕದಲ್ಲಿ ಮುಗಿಯಿತು. ಮೂರು ಆಸ್ಕರ್ ಗೆದ್ದಿತು. ಸಾಬು ಅಮೆರಿಕದಲ್ಲೇ ನಿಂತ. ಇಷ್ಟಾದರೂ ನನಗೆ ತಕರಾರಿದೆ. ಹಾಲಿವುಡ್ ಅವನನ್ನು ಬೆಳೆಯಲು ಬಿಡಲಿಲ್ಲ. ಯೂನಿವರ್ಸಲ್ ಸಂಸ್ಥೆಯ ಬಣ್ಣದ ಚಿತ್ರಗಳಲ್ಲಿ ಮಾರಿಯಾ ಮಾಂಟೆಜ್, ಜಾನ್ ಹಾಲ್ ಪ್ರೀತಿಸುತ್ತಿದ್ದರೆ, ಪಕ್ಕದಲ್ಲಿ ಚೇಷ್ಟೆ ಮಾಡುವ ಹುಡುಗ ಸಾಬು. ಮೈಮೇಲೆ ಅಂಗಿ ಇದ್ದದ್ದೇ ಅಪರೂಪ! 1947ರ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಮಾತ್ರ ಜರಿ ಉಡುಪಿನ ಯುವರಾಜನಾಗಿ, ತುಂಟನಗೆಯಲ್ಲೇ ದೃಶ್ಯವನ್ನು ಕದಿಯುತ್ತಾನೆ.

ತೆರೆಯಾಚೆ ಅವನು ಎಂದೋ ಗಂಡಸಾಗಿದ್ದ. 1944ರಲ್ಲಿ ಅಮೆರಿಕದ ಪೌರನಾಗಿ ವಾಯುಪಡೆ ಸೇರಿದ. ಪೆಸಿಫಿಕ್ ಸಾಗರದ ಮೇಲೆ ಬಿ-24 ಬಾಂಬರ್ ವಿಮಾನಗಳಲ್ಲಿ ಗನ್ನರ್ ಆಗಿ ಹಾರಿದ. ಶೌರ್ಯಕ್ಕೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಸಿಕ್ಕಿತು. ಮರಳಿದ ಮೇಲೂ ಕಾದಿದ್ದು ಅದೇ ಕಾಡು, ಅದೇ ಹುಲಿ. 1948ರಲ್ಲಿ ನಟಿ ಮರಿಲಿನ್ ಕೂಪರ್ ಜತೆ ಮದುವೆಯಾಯಿತು, ಎರಡು ಮಕ್ಕಳಾದವು. ಅವಕಾಶ ಕಡಿಮೆಯಾದಾಗ ಲಂಡನ್ನಿನ ಸರ್ಕಸ್ಸಿನಲ್ಲಿ ಆನೆಗಳೊಂದಿಗೆ ಪ್ರದರ್ಶನ ಕೊಟ್ಟ.

ಒಂದೇ ಒಂದು ಬಾಗಿಲು ತೆರೆದಿತ್ತು. ನಿರ್ದೇಶಕ ಮೆಹಬೂಬ್ ಖಾನ್ ತಮ್ಮ ಹಿಂದಿ ಚಿತ್ರ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಮೊದಲು ನೆನೆದದ್ದು ಸಾಬುವನ್ನೇ. ಅಮೆರಿಕದ ಪೌರನಾದ ಅವನಿಗೆ ಹುಟ್ಟಿದ ನೆಲದಲ್ಲೇ ಕೆಲಸ ಮಾಡುವ ಪರವಾನಗಿ ಸಿಗಲಿಲ್ಲ. ಪಾತ್ರ ಸುನಿಲ್ ದತ್ ಪಾಲಾಯಿತು. ಹೊಲ, ಸಾಲ, ಸಾಹುಕಾರನ ಮೇಲಿನ ಸಿಟ್ಟು: ಆ ಬಿರ್ಜು ಸಾಬುವಿನ ಮೊದಲ ನಿಜವಾದ ಮನುಷ್ಯಪಾತ್ರ ಆಗಬಹುದಿತ್ತು.

1963ರ ಡಿಸೆಂಬರ್ 2ರಂದು ಹೃದಯಾಘಾತವಾಯಿತು. ವಯಸ್ಸು ಮೂವತ್ತೊಂಬತ್ತು. ಮರುವರ್ಷ ಬಿಡುಗಡೆಯಾದ ಕೊನೆಯ ಚಿತ್ರ ಡಿಸ್ನಿಯ ‘ಎ ಟೈಗರ್ ವಾಕ್ಸ್’ನಲ್ಲೂ ಅವನಿಗೆ ಸಿಕ್ಕಿದ್ದು ಹುಲಿ ಪಳಗಿಸುವವನ ಪಾತ್ರವೇ.