ವಿದ್ಯಾನಿಧಿ: ಮೊಬೈಲಿಗೆ ಕನ್ನಡ ಬರುವ ಮೊದಲೇ ಹಾಕಿದ ಬುನಾದಿ

ಮೊಬೈಲ್ ತೆಗೆದು, ‘ಕರ್ನಾಟಕ’ ಎಂದು ಕನ್ನಡದಲ್ಲೇ ಟೈಪ್ ಮಾಡಿದರೆ ಆ ಹೆಸರಿನ ಪಿಎಚ್.ಡಿ. ಪ್ರಬಂಧಗಳು ಒಂದರ ಕೆಳಗೊಂದು ಸಾಲುಗಟ್ಟುತ್ತವೆ. ಇವತ್ತಿನ ಸಂಶೋಧನಾ ವಿದ್ಯಾರ್ಥಿಗೆ ಇದರಲ್ಲಿ ಹೊಸದೇನೂ ಕಾಣದು. ಇಪ್ಪತ್ತೈದು ವರ್ಷಗಳ ಹಿಂದೆ ಮಾತ್ರ ಇದು ಆಗದ ಮಾತಾಗಿತ್ತು. ಅದನ್ನು ಆಗಿಸಲು ಮೊದಲಿಗೆ ಕೈಹಾಕಿದವರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗದವರೂ ಇದ್ದರು.

ಆ ಯೋಜನೆಯ ಹೆಸರು ‘ವಿದ್ಯಾನಿಧಿ’. ಪ್ರೊ. ಶಾಲಿನಿ ಅರಸ್ ಅವರ ನೇತೃತ್ವದಲ್ಲಿ 2000ದಲ್ಲಿ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿ ಶುರುವಾಯಿತು. ಮೊದಲು ಕೇಂದ್ರ ಸರ್ಕಾರದ ವಿಜ್ಞಾನ-ತಂತ್ರಜ್ಞಾನ ಮಾಹಿತಿಯ ‘ನಿಸ್ಸಾಟ್’ ಕಾರ್ಯಕ್ರಮದಿಂದ, ಮುಂದೆ ಫೋರ್ಡ್ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್‌ನಿಂದ ನೆರವು ಸಿಕ್ಕಿತು. ಉದ್ದೇಶ ಸರಳ. ವರ್ಷಗಟ್ಟಲೆ ಬೆವರು ಸುರಿಸಿ ಬರೆದ ಪ್ರಬಂಧದ ಒಂದು ಪ್ರತಿ ಗ್ರಂಥಾಲಯದ ಕಪಾಟು ಸೇರುತ್ತಿತ್ತು, ಇನ್ನೊಂದು ಮಾರ್ಗದರ್ಶಕರ ಮನೆಯಲ್ಲಿರುತ್ತಿತ್ತು. ಧಾರವಾಡದಲ್ಲಿ ಅದೇ ವಿಷಯ ಹಿಡಿದು ಕೂತವರಿಗೆ ಅದರ ಸುಳಿವೂ ಹತ್ತುತ್ತಿರಲಿಲ್ಲ. ದೇಶದ ಪ್ರಬಂಧಗಳನ್ನೆಲ್ಲ ಕಂಪ್ಯೂಟರಿಗೆ ತಂದು ಎಲ್ಲರ ಕೈಗೆಟಕಿಸಬೇಕು ಎಂಬುದು ಈ ತಂಡದ ಹಂಬಲ.

ಇಂಗ್ಲಿಷ್ ಪ್ರಬಂಧಗಳ ಮಟ್ಟಿಗೆ ದಾರಿ ಗೊತ್ತಿತ್ತು. ಕನ್ನಡ, ಹಿಂದಿ ಪ್ರಬಂಧಗಳ ಮಾಹಿತಿಯನ್ನು ಆಯಾ ಲಿಪಿಯಲ್ಲೇ ಇಡುತ್ತೇವೆ ಎಂದು ಹೊರಟಾಗ ನಿಜವಾದ ಕಷ್ಟ ಎದುರಾಯಿತು. ಆಗಿನ ಕನ್ನಡ ತಂತ್ರಾಂಶಗಳು ಅಕ್ಷರವನ್ನು ಅಕ್ಷರವಾಗಿ ಕೂಡಿಡುತ್ತಿರಲಿಲ್ಲ, ಅದರ ಚಿತ್ರದ ತುಣುಕುಗಳನ್ನು ಕೂಡಿಡುತ್ತಿದ್ದವು. ಒಂದೊಂದು ಫಾಂಟಿಗೆ ಒಂದೊಂದು ಸಂಕೇತ. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಅಡ್ಡಾದಿಡ್ಡಿ ಗುರುತುಗಳು.

‘ಕರ್ನಾಟಕ’ವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವುದು ಮೊದಲು ಕ, ಆಮೇಲೆ ನಾ, ಅದರ ಬಲಕ್ಕೆ ಅರ್ಕಾವತ್ತು, ನಂತರ ಟ, ಕ. ಹಳೆಯ ಫಾಂಟುಗಳು ಕಂಡ ಕ್ರಮದಲ್ಲೇ ತುಣುಕುಗಳನ್ನು ಜೋಡಿಸುತ್ತಿದ್ದವು. ಆದರೆ ಬಾಯಲ್ಲಿ ಹೇಳುವಾಗ ರಕಾರ ಬರುವುದು ನಕಾರಕ್ಕಿಂತ ಮೊದಲು. ಹೀಗಾಗಿ ಅಕಾರಾದಿಯಾಗಿ ಪಟ್ಟಿ ಮಾಡು ಎಂದರೆ ಕಂಪ್ಯೂಟರ್ ‘ಕರ್ನಾಟಕ’ವನ್ನು ‘ಕರ’ದ ಸಾಲು ಬಿಟ್ಟು ಬೇರೆಲ್ಲೋ ಕೂರಿಸುತ್ತಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ವ್ಯವಸ್ಥೆಯಾದ ಯೂನಿಕೋಡ್ ಈ ಪದವನ್ನು ಉಚ್ಚಾರಣೆಯ ಕ್ರಮದಲ್ಲೇ ಕೂಡಿಡುತ್ತದೆ: ಕ, ರ, ಹಲಂತ ಚಿಹ್ನೆ, ನ, ಆಕಾರದ ಚಿಹ್ನೆ, ಟ, ಕ. ಒಟ್ಟು 7 ಸಂಕೇತಗಳು. ಅರ್ಕಾವತ್ತನ್ನು ಎಲ್ಲಿ ಬರೆಯಬೇಕೆಂಬುದು ಫಾಂಟಿಗೆ ಬಿಟ್ಟ ಕೆಲಸ. ಹುಡುಕುವ ಯಂತ್ರಕ್ಕೆ ಬೇಕಾದದ್ದು ಈ ಕ್ರಮ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಜಾಗ 1991ರಿಂದಲೇ ಇತ್ತು. ಬಳಸುವವರು ಇರಲಿಲ್ಲ. ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಲಿಪಿಗಳಿದ್ದವು, ಕನ್ನಡ ಇರಲಿಲ್ಲ. ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ‘ತುಂಗಾ’ ಫಾಂಟಿನೊಂದಿಗೆ. ಕಚೇರಿ, ಪತ್ರಿಕೆ, ಮುದ್ರಣಾಲಯಗಳೆಲ್ಲ ಹಳೆಯ ಫಾಂಟುಗಳಿಗೆ ಅಂಟಿಕೊಂಡಿದ್ದ ಆ ಕಾಲದಲ್ಲಿ ವಿದ್ಯಾನಿಧಿ ತಂಡ ಯೂನಿಕೋಡನ್ನೇ ಆರಿಸಿಕೊಂಡಿತು. ಅದು ದೂರದೃಷ್ಟಿಯ ಆಯ್ಕೆ. ಅಂದು ಕೈಯಲ್ಲಿದ್ದ ಮೊಬೈಲ್‌ಗಳಲ್ಲಿ ಮಾತು ಮತ್ತು ಎಸ್‌ಎಂಎಸ್ ಬಿಟ್ಟರೆ ಹೆಚ್ಚೇನಿರಲಿಲ್ಲ. ಆಂಡ್ರಾಯ್ಡ್ 4.1ರ ಮೂಲಕ ಕನ್ನಡ ಲಿಪಿಗೆ ಬೆಂಬಲ ಸಿಕ್ಕಿದ್ದು 2012ರಲ್ಲಿ. ಅಲ್ಲಿಯವರೆಗೆ ಬಹಳಷ್ಟು ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳೇ ಕಾಣುತ್ತಿದ್ದವು.

ಜ್ಞಾನವನ್ನು ದೂರಕ್ಕೆ ಮುಟ್ಟಿಸುವ ಹಂಬಲ ಮೈಸೂರಿಗೆ ಹೊಸದಲ್ಲ. ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಅದರ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಚಲಾವಣೆಗೆ ಬಂದದ್ದು ಆ ಕೇಂದ್ರದಿಂದ. ಕುವೆಂಪು ಕುಲಪತಿಗಳಾಗಿದ್ದಾಗ 1960ರಲ್ಲಿ ಮಾನಸಗಂಗೋತ್ರಿ ಆವರಣ ರೂಪುಗೊಂಡಿತು, ಹೆಸರಿಟ್ಟವರೂ ಅವರೇ.

ಇನ್ನು ಇಂದು ಮೊಬೈಲಿನಲ್ಲಿ ಸಿಗುವ ಗ್ರಂಥಾಲಯ ಸೇವೆಗಳ ವಿಚಾರ. ಸಂಶೋಧನಾ ನಿಯತಕಾಲಿಕೆಗಳ ಪ್ರಕಾಶಕರು ಚಂದಾ ಕಟ್ಟಿದ ವಿಶ್ವವಿದ್ಯಾನಿಲಯವನ್ನು ಅದರ ಇಂಟರ್ನೆಟ್ ವಿಳಾಸದಿಂದ ಗುರುತು ಹಿಡಿಯುತ್ತಾರೆ. ಆವರಣದ ವೈಫೈನಲ್ಲಿ ತೆರೆದುಕೊಳ್ಳುವ ಲೇಖನ ರಜೆಯಲ್ಲಿ ಊರಿಗೆ ಹೋದ ವಿದ್ಯಾರ್ಥಿಗೆ ತೆರೆಯದಿರುವುದು ಇದೇ ಕಾರಣಕ್ಕೆ. ವಿಶ್ವವಿದ್ಯಾನಿಲಯ ಗ್ರಂಥಾಲಯಗಳನ್ನು ಬೆಸೆಯುವ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಇನ್‌ಫೆಡ್’ನಂಥ ವ್ಯವಸ್ಥೆಗಳು ವಿದ್ಯಾರ್ಥಿಯ ಲಾಗಿನ್ ನೋಡಿ, ಆತ ಎಲ್ಲಿದ್ದರೂ ಒಳಗೆ ಬಿಡುತ್ತವೆ. ಕಾಲೇಜುಗಳಿಗೆ ಇ-ಸಂಪನ್ಮೂಲ ಒದಗಿಸುವ ‘ಎನ್-ಲಿಸ್ಟ್’ ಇದೆ. 2025ರ ಜನವರಿಯಲ್ಲಿ ಶುರುವಾದ ‘ಒಂದು ದೇಶ, ಒಂದು ಚಂದಾ’ ಯೋಜನೆಯಡಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಇ-ನಿಯತಕಾಲಿಕೆಗಳು ಸಿಗಬೇಕು. 3 ವರ್ಷಕ್ಕೆ ಕೇಂದ್ರ ಇಟ್ಟಿರುವ ಹಣ 6,000 ಕೋಟಿ ರೂಪಾಯಿ.

ಹೀಗೆ ದೂರದಿಂದಲೇ ಓದಲು ಸಿಗುವುದರ ಬೆಲೆ ಚೆನ್ನಾಗಿ ತಿಳಿಯುವುದು ಮಾನಸಗಂಗೋತ್ರಿಯ ಪಕ್ಕದ ಮುಕ್ತಗಂಗೋತ್ರಿಯಲ್ಲಿ. 1996ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ರಾಜ್ಯದ ಮೂಲೆಮೂಲೆಯಲ್ಲಿದ್ದಾರೆ. ಹಗಲು ದುಡಿದು ರಾತ್ರಿ ಓದುವ ಬೀದರಿನ ವಿದ್ಯಾರ್ಥಿ ಒಂದು ಪುಸ್ತಕಕ್ಕಾಗಿ ಮೈಸೂರಿಗೆ ಬರಲಾರ. ಅಂಥವರ ಪಾಲಿಗೆ ಕೈಯಲ್ಲಿರುವ ಫೋನೇ ವಾಚನಾಲಯ.

ಆ ಫೋನಿನಲ್ಲಿ ಕನ್ನಡ ಎಷ್ಟು ಸಿಗುತ್ತದೆ? ಚಂದಾ ಕೊಟ್ಟು ತರಿಸುವ ನಿಯತಕಾಲಿಕೆಗಳೆಲ್ಲ ಹೆಚ್ಚುಕಡಿಮೆ ಇಂಗ್ಲಿಷಿನವು. ಕನ್ನಡದ ಸರಕನ್ನು ನಾವೇ ತುಂಬಬೇಕು. ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನದೇ ಉದಾಹರಣೆಯಿದೆ. ವಿಶ್ವವಿದ್ಯಾನಿಲಯ ತನ್ನ ‘ಕನ್ನಡ ವಿಶ್ವಕೋಶ’ದ 6 ಸಂಪುಟಗಳನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತವಾಗಿ ಬಿಟ್ಟುಕೊಟ್ಟಿತು. ಅವುಗಳ ಲೇಖನಗಳನ್ನು ಈಗ ಕನ್ನಡ ವಿಕಿಸೋರ್ಸ್‌ನಲ್ಲಿ ಯಾರು ಬೇಕಾದರೂ ಓದಬಹುದು. ಪಠ್ಯ ಯೂನಿಕೋಡ್‌ನಲ್ಲಿರುವ ಕಾರಣ ಹುಡುಕಿದ ಪದ ನೇರ ಸಾಲಿಗೇ ಕರೆದೊಯ್ಯುತ್ತದೆ.

ಪ್ರಬಂಧಗಳ ವಿಷಯದಲ್ಲಿ ಆ ನೆಮ್ಮದಿ ಇನ್ನೂ ಬಂದಿಲ್ಲ. ಪಿಎಚ್.ಡಿ. ಪ್ರಬಂಧದ ಎಲೆಕ್ಟ್ರಾನಿಕ್ ಪ್ರತಿ ಕೊಡಬೇಕೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ನಿಯಮ ತಂದಿತು. ವಿದ್ಯಾನಿಧಿ ಕಂಡ ಕನಸನ್ನು ಇಂದು ದೇಶದ ಮಟ್ಟದಲ್ಲಿ ನನಸಾಗಿಸುತ್ತಿರುವುದು ಇನ್‌ಫ್ಲಿಬ್‌ನೆಟ್‌ನ ‘ಶೋಧಗಂಗಾ’. ಅಲ್ಲಿ 5 ಲಕ್ಷಕ್ಕೂ ಹೆಚ್ಚು ಪ್ರಬಂಧಗಳಿವೆ. ಕನ್ನಡದವೂ ಇವೆ. ಆದರೆ ಅವುಗಳಲ್ಲಿ ಹಲವು ಮುದ್ರಿತ ಹಾಳೆಯನ್ನು ಸ್ಕ್ಯಾನ್ ಮಾಡಿದ ಬರೀ ಚಿತ್ರಗಳು, ಇಲ್ಲವೇ ಹಳೆಯ ಫಾಂಟಿನ ಕಡತಗಳು. ಕೆಲವಕ್ಕೆ ಶೀರ್ಷಿಕೆಯೂ ರೋಮನ್ ಲಿಪಿಯಲ್ಲಿದೆ. ಕಣ್ಣಿಗೆ ಕನ್ನಡ ಕಾಣುತ್ತದೆ, ಹುಡುಕಾಟಕ್ಕೆ ಸಿಗುವುದಿಲ್ಲ. ಜನಪದ, ಶಾಸನ, ಸ್ಥಳೀಯ ಇತಿಹಾಸದ ಮೇಲೆ ಊರೂರು ತಿರುಗಿ ಬರೆದ ಕೃತಿಗಳು ಹೀಗೆ ಮರೆಯಾಗಿ ಕೂರುವುದು ದೊಡ್ಡ ನಷ್ಟ.

ಹಳೆಯ ಪ್ರಬಂಧಗಳನ್ನು ಮತ್ತೆ ಅಕ್ಷರಕ್ಕಿಳಿಸಲು ಹಣ, ಸಮಯ ಎರಡೂ ಬೇಕು. ಹೊಸದಾಗಿ ಸಲ್ಲಿಸುವ ಪ್ರಬಂಧಕ್ಕೆ ಯಾವ ಖರ್ಚೂ ಇಲ್ಲ. ಈ ವರ್ಷ ಕನ್ನಡದಲ್ಲಿ ಪ್ರಬಂಧ ಒಪ್ಪಿಸುವವರು ಅದನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ, ಸ್ಕ್ಯಾನ್ ಪ್ರತಿಯ ಬದಲು ಆ ಪಠ್ಯದಿಂದಲೇ ತಯಾರಿಸಿದ ಕಡತ ಕೊಡಲಿ. ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೇ ನಮೂದಿಸಲಿ. ಮಾರ್ಗದರ್ಶಕರು ಸಹಿ ಹಾಕುವ ಮುನ್ನ ಕಡತವನ್ನು ತಮ್ಮ ಮೊಬೈಲ್‌ನಲ್ಲಿ ತೆರೆದು, ಅದರೊಳಗಿನ ಒಂದು ಕನ್ನಡ ಪದವನ್ನು ಹುಡುಕಿ ನೋಡಲಿ.